ಸಮರಕಂದಕ್ಕೆ ಒಯ್ದ ಚಿಂತಾಕಿಯ ಬಾವಿ

ತಾಶ್ಕೆಂಟ್: ಕೆಂಪು ಪುಡಿಯ ತಪಾಸಣೆ

ಪರದೇಶದಲ್ಲಿ ನನ್ನ ಮೊದಲ ಮಾತುಕತೆ ನಡೆದದ್ದು ಶೇಂಗಾ ಹಿಂಡಿಯ ಬಗ್ಗೆ. ತಾಶ್ಕೆಂಟಿನ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್ ಅಧಿಕಾರಿಯೊಬ್ಬ ನನ್ನ ಪೆಟ್ಟಿಗೆಯಿಂದ ಆ ಕೆಂಪು ಚಟ್ನಿಪುಡಿಯ ಡಬ್ಬಿ ತೆಗೆದು, ಮೂಸಿ, ನನ್ನ ಮುಖವನ್ನೇ ನೋಡುತ್ತ ನಿಂತ. ನನ್ನ ಇಂಗ್ಲಿಷು ಅವನಿಗೆ ತಿಳಿಯಲಿಲ್ಲ, ಅವನ ಉಜ್ಬೆಕ್ಕು ನನಗೆ ತಿಳಿಯಲಿಲ್ಲ. ಕೊನೆಗೆ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ತೋರಿಸಿದೆ. ಅವನೂ ಹಾಕಿಕೊಂಡ. ಕಣ್ಣಲ್ಲಿ ನೀರು ಬಂತು. ಪಕ್ಕದ ಮೇಜಿನವನನ್ನು ಕರೆದು ಅವನಿಗೂ ತಿನ್ನಿಸಿದ. ಆಮೇಲೆ ಖಡಕ್ ರೊಟ್ಟಿಯ ಕಟ್ಟು ಬಿಚ್ಚಿ, ಒಂದನ್ನು ಮೇಜಿಗೆ ಬಡಿದು ನೋಡಿ, ಇದು ತಿನ್ನುವ ಪದಾರ್ಥವೇ ಎಂಬ ಅನುಮಾನ ಉಳಿಸಿಕೊಂಡೇ ನನ್ನನ್ನು ಹೋಗಲು ಬಿಟ್ಟ.

ನಾನು ಭಾಲ್ಕಿಯ ಕಾಲೇಜೊಂದರಲ್ಲಿ ಗಣಿತ ಕಲಿಸುವವನು. ಐವತ್ತೆರಡು ವರ್ಷ ಹೈದರಾಬಾದಿನಿಂದ ಆಚೆ ಹೆಚ್ಚು ಹೋಗದವನಿಗೆ ಸಮರಕಂದದ ವಿಶ್ವವಿದ್ಯಾಲಯವೊಂದು ಪ್ರಬಂಧ ಓದಲು ಕರೆ ಕಳಿಸಿತ್ತು. ಹೊರಡುವ ಮುಂಚೆ ಕಾಲೇಜಿನಲ್ಲಿ ಶಾಲು ಹೊದಿಸಿದರು, ಬೀದರಿನ ಪತ್ರಿಕೆಯಲ್ಲಿ ಫೋಟೊ ಬಂತು. ಹೊರಟ ದಿನ ನಮ್ಮ ಓಣಿಗೆ ನೀರಿನ ಟ್ಯಾಂಕರು ಬಂದಿರಲಿಲ್ಲವಾದ್ದರಿಂದ ಅರ್ಧ ಬಕೆಟಿನಲ್ಲಿ ಸ್ನಾನ ಮುಗಿಸಿ ಸೂಟು ಹಾಕಿಕೊಂಡಿದ್ದೆ.

ನಾನು ಒಯ್ದಿದ್ದ ಪ್ರಬಂಧ ಬಾವಿಗಳದ್ದು. ಎರಡು ವರ್ಷ ಮಳೆ ಕೈಕೊಟ್ಟ ಕಾಲದಲ್ಲಿ ಭಾಲ್ಕಿ, ಔರಾದ್ ತಾಲೂಕುಗಳ ಹನ್ನೆರಡು ಬಾವಿಗಳ ನೀರು ಎಷ್ಟು ಆಳದಲ್ಲಿದೆ ಎಂದು ವಾರವಾರ ಅಳೆಸಿದ್ದೆ. ಅಳೆಯುವವರು ಆ ಬಾವಿಗಳ ಪಕ್ಕದ ರೈತರೇ. ಟೇಪು ಕೊಟ್ಟರೆ ಒಂದೇ ತಿಂಗಳಲ್ಲಿ ಅದು ಯಾರದೋ ಗೋಡೆ ಕಟ್ಟುವ ಜಾಗಕ್ಕೆ ಹೋಗಿ ಮರಳುವುದಿಲ್ಲವೆಂದು ಗೊತ್ತಿತ್ತು. ಅದಕ್ಕೆ ಅವರ ಅಳತೆಯಲ್ಲೇ ಅಳೆಯಿರಿ ಎಂದೆ. ಶನಿವಾರ ಮುಂಜಾನೆ, ಮೊದಲ ಕೊಡ ಇಳಿಯುವ ಮುಂಚೆ, ಕಲ್ಲು ಕಟ್ಟಿದ ಹಗ್ಗ ನೀರಿಗೆ ತಾಗುವವರೆಗೆ ಬಿಡುವುದು, ಮೇಲೆಳೆದು ಕೈಯಿಂದ ಅಳೆಯುವುದು. ಎರಡೂ ಕೈ ಅಗಲಿಸಿದರೆ ಒಂದು ಮಾರು, ಅದರ ನಾಲ್ಕರಲ್ಲೊಂದು ಪಾಲು ಮೊಳ, ಮೊಳದ ಅರ್ಧ ಗೇಣು. ಒಬ್ಬೊಬ್ಬರ ಮಾರು ಎಷ್ಟು ಇಂಚು ಎಂದು ನಾನು ಮೊದಲೇ ಹೋಗಿ ಅಳೆದು ಬರೆದುಕೊಂಡಿದ್ದೆ. ಈ ಯುಕ್ತಿಯ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು. ಆ ಒಂದು ಸಲ ಹೋದವನು ಮತ್ತೆ ಹೋಗಿರಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಲೆಕ್ಕದ ವಹಿಗಳು ಬಸ್ ಕಂಡಕ್ಟರರ ಕೈಯಲ್ಲಿ ಭಾಲ್ಕಿಗೆ ಬರುತ್ತಿದ್ದವು.

ಪ್ರಬಂಧಕ್ಕೆ ಬೆಲೆ ಬಂದದ್ದು ಔರಾದ್ ತಾಲೂಕಿನ ಚಿಂತಾಕಿಯ ಬಾವಿಯಿಂದ. ಎರಡನೆಯ ವರ್ಷ ದೀಪಾವಳಿ ಕಳೆದ ಒಂದು ವಾರದಲ್ಲಿ ಆ ಬಾವಿಯ ನೀರು ಒಮ್ಮೆಲೇ ಎಂಟು ಅಡಿ ಇಳಿದಿತ್ತು. ನೀರಿನ ಗೆರೆ ಎಲ್ಲಿ ಮುರಿಯುತ್ತದೆ ಎಂದು ಹುಡುಕುವ ಗಣಿತದ ಸೂತ್ರವೊಂದನ್ನು ನಾನು ಹೊಂದಿಸಿಕೊಂಡಿದ್ದೆ. ಅದು ಆ ಶನಿವಾರವನ್ನೇ ಬೆರಳಿಟ್ಟು ತೋರಿಸಿತು. ಅದೇ ದಿನಗಳಲ್ಲಿ ಪಕ್ಕದ ಹೊಲದವರು ಬೋರು ಕೊರೆಸಿದ್ದರು. ಕಾರಣವೂ ಸಿಕ್ಕಿತೆಂದು ಬರೆದುಬಿಟ್ಟೆ. ಬೀದರಿನ ಪತ್ರಿಕೆಯಲ್ಲಿ ಫೋಟೊದ ಜೊತೆ ಅದೂ ಬಂತು.

ಮೊದಲ ದಿನ: ಅರ್ಧ ಪ್ಯಾಲಾ ಚಹಾ

ಸಮರಕಂದದ ರೈಲು ನಿಲ್ದಾಣದಲ್ಲಿ ಇಳಿಯುತ್ತಿದ್ದಂತೆ ನನ್ನ ಪೆಟ್ಟಿಗೆಯ ಜಿಪ್ಪು ಬಿಚ್ಚಿಕೊಂಡಿತು. ಕಾಲೇಜಿನವರು ಹೊದಿಸಿದ ಶಾಲನ್ನು ಅದಕ್ಕೆ ಸುತ್ತಿ ಕಟ್ಟಿ, ಮಗು ಎತ್ತಿಕೊಂಡಂತೆ ಎತ್ತಿಕೊಂಡು ಉಳಿಯುವ ಮನೆಗೆ ಹೋದೆ. ಮನೆಯ ಯಜಮಾನ ಕರೀಮ್ ಅಕಾ. ಇಲ್ಲಿ ಅಣ್ಣನಿಗೆ ಅಕಾ ಅನ್ನುತ್ತಾರೆ. ಎದೆಯ ಮೇಲೆ ಕೈಯಿಟ್ಟು ಬಾಗಿ ಬರಮಾಡಿಕೊಂಡ. ಅವನಿಗೆ ಅಲ್ಪಸ್ವಲ್ಪ ಇಂಗ್ಲಿಷು, ಸಿನಿಮಾ ನೋಡಿ ಕಲಿತ ಹಿಂದಿ. ಉಳಿದದ್ದಕ್ಕೆ ಬೀದರ್ ಸೀಮೆಯ ನನ್ನ ದಖನಿ ಸಾಕಾಯಿತು. ಕಿತಾಬು, ದುಕಾನು, ಬಾಜಾರು, ಹವಾ, ಅನಾರು ಎಲ್ಲ ಅವನ ಭಾಷೆಯಲ್ಲೂ ಹೆಚ್ಚುಕಡಿಮೆ ಹಾಗೇ ಇದ್ದವು. ಮೈಸೂರಿಗೆ ಹೋದಾಗ ನನ್ನ ಮಾತು ಇಷ್ಟು ಸಲೀಸಾಗಿ ತಿಳಿಯುವುದಿಲ್ಲ.

ಕೂತ ಕೂಡಲೆ ಚಹಾ ಬಂತು. ಪ್ಯಾಲಾ ಎಂಬ ಹಿಡಿಕೆಯಿಲ್ಲದ ಬಟ್ಟಲಿನಲ್ಲಿ ಮೂರು ಗುಟುಕಿನಷ್ಟು. ಭಾಲ್ಕಿಯಲ್ಲಿ ಈಗ ನೆಂಟರಿಗೆ ಅರ್ಧ ಲೋಟ ನೀರು ಕೊಡುವ ಕಾಲ ಬಂದಿದೆ, ಆದರೆ ಚಹಾದಲ್ಲಿ ನಾವಿನ್ನೂ ಅಷ್ಟು ಕೈ ಬಿಗಿಹಿಡಿದಿಲ್ಲ. ನಾನು ಕುಡಿದು ಕೆಳಗಿಟ್ಟೆ. ಅವನು ಮತ್ತೆ ಮೂರು ಗುಟುಕು ಹಾಕಿದ. ಹೀಗೆ ಆರು ಸಲ ನಡೆದ ಮೇಲೆ ತಡೆಯಲಾರದೆ, ಪೂರ್ತಿ ತುಂಬಿಸಿಬಿಡು ಎಂದು ಸನ್ನೆ ಮಾಡಿದೆ. ಕರೀಮ್ ಅಕಾನ ಮುಖ ಸಣ್ಣದಾಯಿತು. ಬಟ್ಟಲು ತುಂಬಿಸಿ ಕೊಟ್ಟರೆ ಕುಡಿದು ಎದ್ದು ಹೋಗು ಎಂದರ್ಥವಂತೆ. ಸ್ವಲ್ಪ ಸ್ವಲ್ಪ ಹಾಕುವುದು ಅತಿಥಿ ಇನ್ನಷ್ಟು ಹೊತ್ತು ಕೂತಿರಲಿ ಎಂಬುದಕ್ಕೆ. ಬಂದ ಗಳಿಗೆಯಲ್ಲೇ ನನ್ನನ್ನು ನಾನೇ ಹೊರಗೆ ಹಾಕಿಸಿಕೊಂಡಂತಾಗಿತ್ತು.

ಊಟಕ್ಕೆ ಬಂದ ಅನ್ನದಲ್ಲಿ ಮಾಂಸವಿತ್ತು. ಲಿಂಗ ಕಟ್ಟಿದವನು, ತಿನ್ನುವುದಿಲ್ಲ ಎಂದೆ. ಕರೀಮ್ ಅಕಾನ ಹೆಂಡತಿ ತಟ್ಟೆ ತೆಗೆದುಕೊಂಡು ಹೋಗಿ ಮಾಂಸದ ತುಂಡು ಆರಿಸಿ ತೆಗೆದು ಅದೇ ಅನ್ನ ತಂದಿಟ್ಟಳು. ಅವಳ ಮುಖ ನೋಡಿ ಇಲ್ಲವೆನ್ನಲು ಬಾಯಿ ಬರಲಿಲ್ಲ, ತಿನ್ನಲು ಕೈ ಬರಲಿಲ್ಲ. ದೊಡ್ಡ ಗುಂಡು ರೊಟ್ಟಿಯೊಂದನ್ನು ಹಿಂಡಿಯ ಜೊತೆ ತಿಂದು ಮುಗಿಸಿದೆ. ಉಳಿದ ತುಂಡನ್ನು ಬೋರಲಾಗಿ ಇಟ್ಟಿದ್ದೆನೆಂದು ಕಾಣುತ್ತದೆ, ಕರೀಮ್ ಅಕಾ ಏನೂ ಅನ್ನದೆ ಅದನ್ನು ಅಂಗಾತ ತಿರುಗಿಸಿಟ್ಟ. ಅನ್ನಕ್ಕೆ ಮರ್ಯಾದೆ ಕೊಡುವ ವಿಷಯದಲ್ಲಿ ನಮ್ಮ ಅವ್ವನೂ ಅವನೂ ಒಂದೇ ಸಾಲಿಯಲ್ಲಿ ಓದಿದವರು.

ಸಂಜೆ ಊರು ನೋಡಲು ಹೋದೆ. ಹಳೆಯ ಮದರಸಾಗಳ ಗೋಡೆ ತುಂಬ ನೀಲಿ ಬಿಲ್ಲೆಗಳು. ಬೀದರಿನ ಮದರಸಾಕ್ಕೆ ಅಲ್ಲಲ್ಲಿ ಅಂಟಿಕೊಂಡು ಉಳಿದಿರುವ ಅದೇ ನೀಲಿ. ನಮ್ಮ ಗೋಡೆ ತಾರುಣ್ಯದಲ್ಲಿ ಹೇಗಿತ್ತೆಂದು ಐವತ್ತೆರಡನೆಯ ವಯಸ್ಸಿನಲ್ಲಿ ನೋಡಿದಂತಾಯಿತು. ಆದರೆ ನಿಜ ಹೇಳಬೇಕೆಂದರೆ ನಾನು ಹೆಚ್ಚು ಹೊತ್ತು ನೋಡಿದ್ದು ರಸ್ತೆ ಪಕ್ಕದ ಕಾಲುವೆಯನ್ನು. ಎರಡು ಗೇಣು ಅಗಲದ ಕಾಲುವೆಯಲ್ಲಿ ನೀರು ತನ್ನ ಪಾಡಿಗೆ ಹರಿಯುತ್ತಿತ್ತು. ಒಬ್ಬ ಹೆಂಗಸು ಅದನ್ನೇ ಬಕೆಟಿನಲ್ಲಿ ಮೊಗೆದು ತನ್ನ ಬಾಗಿಲ ಮುಂದಿನ ಗುಲಾಬಿಗೂ ಡಾಂಬರು ರಸ್ತೆಗೂ ಹೊಡೆಯುತ್ತಿದ್ದಳು. ನನಗೆ ಹೊಟ್ಟೆ ಉರಿಯಿತು. ಇದರಲ್ಲಿ ಮುಚ್ಚಿಡುವುದೇನಿಲ್ಲ.

ಎರಡನೆಯ ದಿನ: ಎಲ್ಲ ಶಾಸ್ತ್ರಗಳ ಸಂತೆ

ಸಮ್ಮೇಳನದ ಕಾರ್ಯಕ್ರಮ ಪಟ್ಟಿ ನೋಡಿ ನನಗೆ ಭಾಲ್ಕಿಯ ವಾರದ ಸಂತೆ ನೆನಪಾಯಿತು. ಒಂದೇ ಸಭಾಂಗಣದಲ್ಲಿ ಸಸ್ಯಶಾಸ್ತ್ರ, ಬೀಜಗಣಿತ, ಜಿಲ್ಲಾಡಳಿತ, ಪ್ರಾಥಮಿಕ ಶಿಕ್ಷಣ. ಹತ್ತಿಯ ರೋಗದ ಮೇಲೆ ಒಬ್ಬರು ಮಾತಾಡಿ ಇಳಿದರೆ, ಮಕ್ಕಳು ಭಾಗಾಕಾರದಲ್ಲಿ ಯಾಕೆ ತಪ್ಪುತ್ತಾರೆಂದು ಇನ್ನೊಬ್ಬರು ಏರುತ್ತಿದ್ದರು. ಒಂದು ಕಚೇರಿಯ ಕಡತ ಎಷ್ಟು ಮೇಜು ದಾಟುತ್ತದೆ ಎಂದು ಚಿತ್ರ ಬಿಡಿಸಿ ತೋರಿಸಿದ ಕಜಕ್ ದೇಶದ ಯುವಕನಿಗೆ ಎಲ್ಲ ದೇಶದವರೂ ತಲೆದೂಗಿದರು. ಆ ವಿಷಯದಲ್ಲಿ ಜಗತ್ತು ಒಂದೇ ಎಂದು ತಿಳಿಯಿತು.

ಚಹಾದ ಬಿಡುವಿನಲ್ಲಿ ಗುಲ್ನೋರಾ ಎಂಬ ಮಹಿಳೆ ನನ್ನನ್ನು ಹುಡುಕಿಕೊಂಡು ಬಂದರು. ಅರವತ್ತರ ಹತ್ತಿರದ ವಯಸ್ಸು, ಅಂತರ್ಜಲ ಶಾಸ್ತ್ರದ ಅಧ್ಯಾಪಕಿ, ಮರುದಿನ ನನ್ನ ಗೋಷ್ಠಿಯ ಅಧ್ಯಕ್ಷೆ. ಕೈಯಲ್ಲಿ ನನ್ನ ಪ್ರಬಂಧ, ಅದರ ಮೇಲೆ ಪೆನ್ಸಿಲ್ಲಿನ ಗುರುತು.

"ಇಳಿದದ್ದು ಸರಿ," ಎಂದರು, "ಬೋರು ಕೊರೆದರೆ ಇಳಿಯಬಹುದು. ಆದರೆ ಜೂನಿನಲ್ಲಿ ಒಂದೇ ವಾರಕ್ಕೆ ಎಂಟು ಅಡಿ ಮೇಲೆ ಬಂದಿದೆಯಲ್ಲ. ಅದಕ್ಕೆ ನೀವು ಮಳೆಯ ಕಾರಣ ಕೊಟ್ಟಿದ್ದೀರಿ. ಎಷ್ಟು ಮಳೆ?"

"ಒಂದು ಮಳೆ," ಎಂದೆ.

"ಎಂಥ ಮಳೆ?"

ಚಿಂತಾಕಿಯಲ್ಲಿ ಆ ಜೂನಿನಲ್ಲಿ ಬಿದ್ದದ್ದು ಮಣ್ಣಿನ ವಾಸನೆ ಏಳುವಷ್ಟು ಮಳೆ. ನನಗದು ಗೊತ್ತಿತ್ತು. ಬರೆಯುವಾಗಲೂ ಗೊತ್ತಿತ್ತು. ಗೆರೆ ಮೇಲೆ ಹೋಗಿದೆ, ಮೋಡವೂ ಬಂದಿತ್ತು, ಎರಡನ್ನೂ ಗಂಟು ಹಾಕಿದ್ದೆ. ಗುಲ್ನೋರಾ ಗದರಲಿಲ್ಲ. ನಾಳೆ ಇದನ್ನೇ ಕೇಳುತ್ತೇನೆ, ಯೋಚಿಸಿಟ್ಟುಕೊಳ್ಳಿ ಎಂದು ಒಣ ಜರ್ದಾಳು ಹಣ್ಣು ಕೊಟ್ಟು ಹೋದರು. ನಾನು ಪರೀಕ್ಷೆಯ ಹಿಂದಿನ ದಿನ ಹುಡುಗರಿಗೆ ಹೇಗಿರುತ್ತದೆಂದು ಬಹಳ ವರ್ಷದ ನಂತರ ಅರಿತೆ.

ಬಾಜಾರಿನಲ್ಲಿ: ಉದ್ದ ಕೈಯವನ ಅಂಗಡಿ

ಮಧ್ಯಾಹ್ನದ ಗೋಷ್ಠಿ ತಪ್ಪಿಸಿ ಕರೀಮ್ ಅಕಾನ ಜೊತೆ ಬಾಜಾರಿಗೆ ಹೋದೆ. ಪೆಟ್ಟಿಗೆ ಕಟ್ಟಲು ಹಗ್ಗ ಬೇಕಾಗಿತ್ತು. ದ್ರಾಕ್ಷಿ, ಕರಬೂಜು, ಗಾಡಿಯ ಗಾಲಿಯಷ್ಟು ರೊಟ್ಟಿ ದಾಟಿ ಹೋದರೆ ಮೂಲೆಯಲ್ಲಿ ಒಂದು ಹಗ್ಗದ ಅಂಗಡಿ. ಗಿಡ್ಡನೆಯ ಹೆಂಗಸೊಬ್ಬಳು ಕೂತಿದ್ದಳು. ಅಂಗಡಿಯ ಮುಂದೆ ನಾಲ್ಕು ಜನ ಗಿರಾಕಿಗಳು ಏನೂ ಕೊಳ್ಳದೆ ಸುಮ್ಮನೆ ನಿಂತಿದ್ದರು.

ನಾನು ಮುಂದೆ ಹೋಗಿ ಕೈ ಅಗಲಿಸಿ, ಇಂಥವು ಎರಡು ಎಂದು ತೋರಿಸಿದೆ. ಅವಳು ಹಗ್ಗ ಎತ್ತಿಕೊಂಡಳು. ಕರೀಮ್ ಅಕಾ ನನ್ನ ತೋಳು ಹಿಡಿದ.

"ಸ್ವಲ್ಪ ತಡಿ," ಎಂದ, "ಇವಳ ಗಂಡ ಚಹಾಕ್ಕೆ ಹೋಗಿದ್ದಾನೆ, ಬರಲಿ."

"ಇವಳೇ ಕೊಡುತ್ತಾಳಲ್ಲ?"

"ಕೊಡುತ್ತಾಳೆ. ಆದರೆ ಅವನ ಕೈ ಉದ್ದ."

ಹಗ್ಗ ಅಲ್ಲಿ ಮಾರಿನ ಲೆಕ್ಕದಲ್ಲೇ ಮಾರುತ್ತಾರೆ. ಹೆಂಡತಿಯ ಹತ್ತಿರ ಕೊಂಡರೆ ಮಾರಿಗೊಂದು ಗೇಣು ಕಡಿಮೆ. ಅದು ಊರಿಗೆಲ್ಲ ಗೊತ್ತು, ಅವಳಿಗೂ ಗೊತ್ತು. ಅವಳೇ ನಗುತ್ತ ನನಗೊಂದು ಸ್ಟೂಲು ಹಾಕಿದಳು. ಹತ್ತು ನಿಮಿಷದ ಮೇಲೆ ಗಂಡ ಬಂದ. ತಗ್ಗಿನ ಮಾಡಿಗೆ ತಲೆ ಬಗ್ಗಿಸಿ ಒಳಗೆ ಬರುವಂಥ ಆಳು, ಮೊಣಕಾಲು ಮುಟ್ಟುವ ಕೈ. ನಿಂತಿದ್ದ ನಾಲ್ಕೂ ಜನ ಒಟ್ಟಿಗೆ ಮುಂದೆ ಹೋದರು. ನನಗೆ ನಗು ತಡೆಯಲಾಗಲಿಲ್ಲ. ಭಾಲ್ಕಿಗೆ ಹೋಗಿ ತರಗತಿಯಲ್ಲಿ ಹೇಳಬೇಕು, ಅಳತೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ ಎಂದುಕೊಂಡೆ.

ಹಗ್ಗ ತೆಗೆದುಕೊಂಡು ಹತ್ತು ಹೆಜ್ಜೆ ಬಂದಿರಬೇಕು, ನಗು ನಿಂತುಹೋಯಿತು. ಚಿಂತಾಕಿಯಲ್ಲಿ ನಾನು ಅಳೆದದ್ದು ಬಾವಿ ಪಕ್ಕದ ರೈತ ಮಾಣಿಕರಾವರ ಮಾರನ್ನು, ಎಪ್ಪತ್ತು ಇಂಚು. ವಹಿಯಲ್ಲಿ ಬರೆಯುತ್ತಿದ್ದವರು ಅವರ ಹೆಂಡತಿ ಶಾಂತಾಬಾಯಿ. ಹಗ್ಗ ನಿಮ್ಮದು, ಬರವಣಿಗೆ ನಂದು ಎಂದು ಮೊದಲ ದಿನವೇ ಆಕೆ ಗಂಡನಿಗೆ ಹೇಳಿದ್ದರು. ಹೆಚ್ಚಿನ ಮನೆಗಳಲ್ಲಿ ವ್ಯವಸ್ಥೆ ಅದೇ. ಅಕ್ಷರ ಎಂದೂ ಬದಲಾಗಿರಲಿಲ್ಲ, ಅದಕ್ಕೇ ನನಗೆ ಅನುಮಾನ ಬಂದಿರಲಿಲ್ಲ. ದೀಪಾವಳಿ ಆದ ಮೇಲೆ ದುಡಿಮೆ ಹುಡುಕಿ ಪಟ್ಟಣ ಸೇರದೆ ನಮ್ಮ ಕಡೆ ಊರುಗಳಲ್ಲಿ ಗಂಡಸರು ಎಷ್ಟು ಜನ ಉಳಿಯುತ್ತಾರೆ? ಇದನ್ನು ತಿಳಿಯಲು ಸಮರಕಂದಕ್ಕೆ ಬರಬೇಕಾಗಿರಲಿಲ್ಲ.

ಸಂಜೆ: ಚಿಂತಾಕಿಗೆ ಫೋನು

ಸಮರಕಂದಕ್ಕೂ ನಮಗೂ ಅರ್ಧ ತಾಸಿನ ವ್ಯತ್ಯಾಸ ಅಷ್ಟೆ. ಹೊಲದಿಂದ ಬಂದು ಕೈಕಾಲು ತೊಳೆದಿರುತ್ತಾರೆ ಎಂದು ಲೆಕ್ಕ ಹಾಕಿ ಫೋನು ಹಚ್ಚಿದೆ.

"ಜೈಭೀಮ್ ಸರ್," ಎಂದರು ಮಾಣಿಕರಾವ್. "ಪರದೇಶದಾಗ ಇದ್ದೀರಂತ. ಆರಾಮ ಇದ್ದೀರಿಲ್ರಿ?"

"ಜೈಭೀಮ್. ಆರಾಮ ಇದ್ದೀನ್ರಿ. ಒಂದು ಮಾತು ಕೇಳ್ತೀನಿ. ಹ್ವಾದ ದೀಪಾವಳಿ ಆದಮ್ಯಾಲ ಬಾವಿ ನೀರು ಯಾರು ಅಳದ್ರು?"

"ಯಾಕ್ರಿ ಸರ್, ಅಳತಿ ತಪ್ಪ್ಯಾದೇನ್ರಿ?"

"ಯಾರು ಅಳದ್ರು ಹೇಳ್ರಿ."

"ನಮ್ಮಕಿ ಅಳದಾಳ್ರಿ. ನಾ ಹೈದರಾಬಾದಕ್ಕ ಹೋಗಿದ್ದೆ, ಬಿಲ್ಡಿಂಗ್ ಕೆಲಸಕ್ಕ. ಮಿರಗ ಹತ್ರ ಬಂದಾಗ ಊರಿಗಿ ಬಂದೆ. ಬಂದಮ್ಯಾಲ ಮತ್ತ ನಾನೇ ಅಳೀಲಾಕ ಹತ್ತೀನಿ."

ಮಿರಗ ಎಂದರೆ ಮೃಗಶಿರಾ ಮಳೆಯ ಕಾಲ, ಜೂನು. ಗುಲ್ನೋರಾ ಕೇಳಿದ್ದ ಮಳೆ ಅದೇ.

"ನನಗ ಹೇಳಬೇಕಿಲ್ಲೇನ್ರಿ ಮಾಣಿಕರಾವ್?"

"ನೀವು ನೀರು ಅಳೀರಿ ಅಂದ್ರಿ ಸರ್. ಯಾರು ಅಳೀಬೇಕು ಅಂತ ಹೇಳಿದ್ದಿಲ್ಲ. ಅಕಿ ಒಂದ್ ಶನಿವಾರ ಬೀ ಬಿಟ್ಟಿಲ್ರಿ. ಜ್ವರ ಬಂದಾಗ ಬೀ ಅಳದಾಳ."

ಪಕ್ಕದ ಮನೆಯ ದರ್ಜಿಯ ಹತ್ತಿರ ಟೇಪು ತರಿಸಿರಿ, ಶಾಂತಾಬಾಯಿಯವರ ಮಾರು ಅಳೆಯಿರಿ ಎಂದೆ. ಫೋನಿನಲ್ಲಿ ಗಂಡ ಹೆಂಡತಿಯ ಜಗಳ ಕೇಳಿಸಿತು. ಕೈ ಚಾಚಲು ಆಕೆ ಒಲ್ಲೆನೆನ್ನುತ್ತಿದ್ದರು, ಓಣಿಯವರು ನೋಡುತ್ತಾರೆಂದು. ಕೊನೆಗೆ ಮಾಣಿಕರಾವ್ ಹೇಳಿದರು, "ಐವತ್ತೊಂಬತ್ತು ಇಂಚು ಅದ ಸರ್."

ಶಾಂತಾಬಾಯಿ ಫೋನು ಕಸಿದುಕೊಂಡರು. "ಸರ್, ನಂದು ತಪ್ಪು ಆಗ್ಯಾದೇನ್ರಿ? ನಾ ಎರಡೆರಡು ಸಲ ಅಳದು ಬರೀತಿದ್ದೆ ನೋಡ್ರಿ."

"ನಿಮ್ದು ಒಂದೂ ತಪ್ಪಿಲ್ರಿ ಶಾಂತಾಬಾಯಿ. ತಪ್ಪು ನಂದು."

"ಹಂಗಾದ್ರ ಬೋರಿನವ್ರ ಮ್ಯಾಲ ಬರದಿದ್ರಲ್ರಿ, ಅದ್ ಹ್ಯಾಂಗ? ಅರ್ಧ ಊರು ಅವರ ಜೋಡಿ ಮಾತು ಬಿಟ್ಟದ. ಅವರ ಮನಿಯಾಕಿ ನನ್ನ ಕಂಡ್ರ ಮಾರಿ ತಿರುಗಸ್ತಾಳ್ರಿ."

ಫೋನು ಇಟ್ಟು ಕಾಗದ ತೆಗೆದುಕೊಂಡೆ. ಮಾಣಿಕರಾವ್ ಊರು ಬಿಡುವ ಮುಂಚಿನ ಕೊನೆಯ ಅಳತೆ ಆರು ಮಾರು ಮೂರು ಮೊಳ. ಮುಂದಿನ ಶನಿವಾರ ಎಂಟು ಮಾರು ಒಂದು ಗೇಣು. ಎರಡನೆಯದನ್ನು ಐವತ್ತೊಂಬತ್ತು ಇಂಚಿನಿಂದ ಗುಣಿಸಿದೆ. ಎಂಟು ಅಡಿ ಇಳಿದಿದ್ದ ನೀರು ಏಳು ಇಂಚಿಗೆ ನಿಂತಿತು. ಬರಗಾಲದ ಬಾವಿ ವಾರಕ್ಕೆ ಇಳಿಯುವಷ್ಟೇ ಇಳಿದಿತ್ತು. ನನ್ನ ಮುರಿತ, ಪತ್ರಿಕೆಯಲ್ಲಿ ಬಂದ ಫೋಟೊ, ಶಾಲು ಎಲ್ಲ ಹನ್ನೊಂದು ಇಂಚಿನ ವ್ಯತ್ಯಾಸದ ಮೇಲೆ ಕೂತಿದ್ದವು.

ಸುಮ್ಮನಿದ್ದುಬಿಡಬಹುದಿತ್ತು. ಮಳೆಯ ಬಗ್ಗೆ ನಾಲ್ಕು ಗಟ್ಟಿ ಮಾತು ಜೋಡಿಸಿದರೆ ಹದಿನೈದು ನಿಮಿಷ ದಾಟಿಹೋಗುತ್ತಿತ್ತು. ಹಾಗೆ ಜೋಡಿಸಲು ಕೂತೂ ಇದ್ದೆ, ಇದನ್ನು ಹೇಳಲು ನಾಚಿಕೆಯಾಗುತ್ತದೆ. ಮೂರು ವಾಕ್ಯ ಬರೆದೆ. ಜ್ವರದಲ್ಲಿ ಬಾವಿಯ ಕಟ್ಟೆಗೆ ಬಂದು ಹಗ್ಗ ಎಳೆದ ಹೆಂಗಸು ನೆನಪಾಗಿ ನಾಲ್ಕನೆಯದು ಬರೆಯಲಾಗಲಿಲ್ಲ.

ಮೂರನೆಯ ದಿನ: ಹದಿನೈದು ನಿಮಿಷ

ನನ್ನ ಮುಂಚಿನವರು ಮಾತಾಡಿ ಇಳಿದ ಮೇಲೆ ನನ್ನ ಸರದಿ ಬಂತು. ಪರದೆಯ ಮೇಲೆ ಚಿಂತಾಕಿಯ ಗೆರೆ ತೋರಿಸಿದೆ. ಇಲ್ಲಿ ಎಂಟು ಅಡಿ ಇಳಿದಿದೆ, ಇಲ್ಲಿ ಎಂಟು ಅಡಿ ಏರಿದೆ, ಎರಡೂ ಸುಳ್ಳು ಎಂದೆ. ಬೋರಿನ ಮೇಲೆ ಹೊರಿಸಿದ ಆರೋಪ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದೆ. ಎರಡು ಕೈಗಳ ಕಥೆ ಹೇಳಿದೆ. ಹಗ್ಗದ ಅಂಗಡಿಯ ಪ್ರಸಂಗಕ್ಕೆ ಸಮರಕಂದದವರೆಲ್ಲ ಜೋರಾಗಿ ನಕ್ಕರು. ಆ ಅಂಗಡಿ ಅವರಿಗೂ ಗೊತ್ತಿತ್ತು.

ಗುಲ್ನೋರಾ ನಗಲಿಲ್ಲ. "ಹಾಗಾದರೆ ನಿಮ್ಮ ಸೂತ್ರ ಕೆಲಸಕ್ಕೆ ಬಾರದ್ದೇ?" ಎಂದರು.

ಅದನ್ನು ನಾನು ಬೆಳಿಗ್ಗೆಯಿಂದ ಯೋಚಿಸುತ್ತಿದ್ದೆ. "ಸೂತ್ರ ಸರಿಯಾಗಿಯೇ ಇದೆ," ಎಂದೆ. "ಆ ಶನಿವಾರ ಏನೋ ಮುರಿದಿದೆ ಎಂದು ಹೇಳಿತು. ಮುರಿದಿತ್ತು. ಆ ವಾರ ಆ ಮನೆಯ ಯಜಮಾನ ಊರು ಬಿಟ್ಟಿದ್ದ. ಜೂನಿನಲ್ಲಿ ಕೂಡಿದೆ ಎಂದಿತು. ಆ ವಾರ ಅವನು ಬಂದಿದ್ದ. ನಾನು ಅದನ್ನು ನೀರು ಎಂದು ಓದಿದೆ."

ಆಮೇಲೆ ಕಡತಗಳ ಕಜಕ್ ಯುವಕ ಕೈಯೆತ್ತಿದ. "ನಿಮ್ಮ ಪಟ್ಟಿಯಲ್ಲಿ ಇನ್ನೂ ನಾಲ್ಕು ಬಾವಿಗಳ ಗೆರೆ ಮುರಿದಿದೆಯಲ್ಲ," ಎಂದ. "ಅಲ್ಲಿ ಏನಾಗಿದೆ?"

ನನಗೆ ಗೊತ್ತಿಲ್ಲ ಎಂದು ಹೇಳಿ ಇಳಿದುಬಂದೆ. ಚಪ್ಪಾಳೆ ತಟ್ಟಿದರೋ ಇಲ್ಲವೋ ನೆನಪಿಲ್ಲ.

ಹೊರಗೆ ಮರದ ಕೆಳಗೆ ಕೂತು ಆ ನಾಲ್ಕು ಗೆರೆ ತೆಗೆದು ನೋಡಿದೆ. ಮೂರು ಗೆರೆಗಳು ಚಿಂತಾಕಿಯ ಹಾಗೆಯೇ ಇಳಿದು, ಮಳೆಗಾಲ ಬರುವಾಗ ಏರಿದ್ದವು. ಭಾಲ್ಕಿ ತಾಲೂಕಿನ ಖಟಕ ಚಿಂಚೋಳಿಯದು ಮಾತ್ರ ಕಾರ್ತಿಕದಲ್ಲಿ ಇಳಿದದ್ದು ಮತ್ತೆ ಏರಿರಲಿಲ್ಲ. ಪ್ರಬಂಧದಲ್ಲಿ ಅದರ ಮುಂದೆ 'ಶಾಶ್ವತವಾಗಿ ಕುಸಿದ ಬಾವಿ' ಎಂದು ಬರೆದಿದ್ದೆ. ಅಲ್ಲಿ ಅಳೆಯುವವರ ಹೆಸರು ಕಾಶಿನಾಥ. ಅವರ ಮನೆಗೆ ಫೋನು ಹಚ್ಚಿದೆ. ಒಬ್ಬ ಹೆಂಗಸು ಎತ್ತಿದರು.

"ಕಾಶಿನಾಥ ಇದ್ದಾರೇನ್ರಿ?" ಎಂದೆ.

"ಇಲ್ಲರಿ. ದೀಪಾವಳಿ ಆದಮ್ಯಾಲ ಪುಣೆಕ್ಕ ಹ್ವಾದವರು ತಿರುಗಿ ಬಂದಿಲ್ಲ. ಯಾರ್ ಮಾತಾಡೂದು?"

ಭಾಲ್ಕಿಯ ಕಾಲೇಜಿನವನು, ಬಾವಿಯ ಲೆಕ್ಕದವನು ಎಂದೆ.

"ಹಾಂ, ಸರ್ ಏನ್ರಿ. ಶನಿವಾರದ್ದು ಅಳದೀನ್ರಿ, ವಹಿ ನಾಳಿ ಬಸ್ಸಿಗಿ ಕಳಸ್ತೇನಿ. ಅವಸರ ಇದ್ರ ಈಗೇ ಬರಕೋರಿ, ಒಂಬತ್ತು ಮಾರು ಎರಡು ಮೊಳ."

ಪೆನ್ನು ಕೈಯಲ್ಲಿತ್ತು. ವರ್ಷವಿಡೀ ನಾನು ಓದಿದ್ದು ಈಕೆಯ ಅಕ್ಷರವನ್ನು, ಅಳತೆಯೂ ಈಕೆಯದೇ. ಬರೆದುಕೊಳ್ಳುವ ಮುಂಚೆ, ತಂಗಿ, ನಿಮ್ಮ ಹೆಸರೇನು ಎಂದು ಕೇಳಿದೆ.